ನ್ಯಾರೋಬೋಟಲ್ಲಿ ಸಂಸಾರ ಮಾಡೋರು ಯಾರಾದ್ರೂ ಇದ್ದೀರಾ? ಅನುಭವ ಹೇಳಿ ಪ್ಲೀಸ್

ಎಲ್ರಿಗೂ ನಮಸ್ಕಾರ. ನಾವು ಇಬ್ರೇ, ಇಂಗ್ಲೆಂಡಿನ ರೀಡಿಂಗ್ ಊರಲ್ಲಿ ಬಾಡಿಗೆ ಫ್ಲಾಟು, ಬಾಡಿಗೆ ವರ್ಷ ವರ್ಷ ಏರ್ತಾನೇ ಇದೆ. ನ್ಯೂಬರಿ ಹತ್ರ ಕೆನಾಲ್ ಪಕ್ಕ ವಾಕ್ ಹೋದಾಗಿಂದ ನಮ್ಮನೆಯವ್ರಿಗೆ ಒಂದೇ ಹುಚ್ಚು, 57 ಅಡಿದು ಒಂದು ನ್ಯಾರೋಬೋಟ್ (ಕೆನಾಲಲ್ಲಿ ಓಡೋ ಉದ್ದ, ಕಿರಿದಾದ ಬೋಟು) ತಗೊಂಡು ಅದ್ರಲ್ಲೇ ಇದ್ಬಿಡೋಣ ಅಂತ. ಅವ್ರಿಗೆ ಪೂರ್ತಿ ವರ್ಕ್ ಫ್ರಮ್ ಹೋಮ್, ನಂಗೆ ವಾರಕ್ಕೆ ಎರಡು ದಿನ ಆಫೀಸು. ನಿಜವಾಗ್ಲೂ ಖರ್ಚು ಕಮ್ಮಿನಾ? ಚಳಿಗಾಲ ಹೇಗೆ? ನಮ್ಮ ಅಡುಗೆ ಎಲ್ಲಾ ಆಗುತ್ತಾ? ಇರೋರು, ಇದ್ದು ಬಿಟ್ಟೋರು ಎಲ್ಲಾ ಹೇಳಿ. ಫೋಟೋಲಿ ಕಾಣೋದು ಬೇಡ, ಫೋಟೋಲಿ ಕಾಣ್ದೇ ಇರೋದು ಹೇಳಿ.

ಟೋಪಾತ್_ತಿರುಕ

ನಾವಿರೋದು ನೀವು ನೋಡಿದ ಕೆನಾಲ್ ಮೇಲೇ, ಕೆನೆಟ್ ಆಂಡ್ ಏವನ್. ದುಡ್ಡಿನ ಮಾತು ಮೊದ್ಲು ಮುಗಿಸ್ಬಿಡ್ತೀನಿ. ಬಾಡಿಗೆಗಿಂತ ಕಮ್ಮಿನೇ, ಆದ್ರೆ ಜನ ಅಂದ್ಕೊಳೋ ಅಷ್ಟು ಕಮ್ಮಿ ಅಲ್ಲ. ಕೆನಾಲ್ ನೋಡ್ಕೊಳೋ ಸಂಸ್ಥೆ ಕೆನಾಲ್ ಆಂಡ್ ರಿವರ್ ಟ್ರಸ್ಟ್‌ಗೆ ಲೈಸೆನ್ಸ್ ಫೀಸು, ಇನ್ಶೂರೆನ್ಸು, ನಾಲ್ಕು ವರ್ಷಕ್ಕೊಂದ್ಸಲ ಬೋಟ್ ಸೇಫ್ಟಿ ಸರ್ಟಿಫಿಕೇಟು, ಎರಡು ಮೂರು ವರ್ಷಕ್ಕೊಂದ್ಸಲ ಬೋಟನ್ನ ನೀರಿಂದ ಮೇಲೆತ್ತಿಸಿ ತಳಕ್ಕೆಲ್ಲಾ ಕಪ್ಪು ಬಳಿಸೋದು, ಡೀಸೆಲ್ಲು, ಗ್ಯಾಸು, ಕಲ್ಲಿದ್ದಲು, ಮಧ್ಯೆ ಮಧ್ಯೆ ಬ್ಯಾಟರಿ ಕೈ ಕೊಡೋದು. ಇದ್ರಲ್ಲಿ ಇನ್ನೂ ಜಾಗದ ದುಡ್ಡು ಸೇರಿಲ್ಲ. ಒಂದೇ ಕಡೆ ಕಟ್ಕೊಂಡಿರೋಕೆ ಮೂರಿಂಗ್ ಬೇಕು ಅಂದ್ರೆ ಅದರ ಬಾಡಿಗೆ ಬೇರೆ, ಅದ್ರಲ್ಲೂ ವಾಸ ಮಾಡೋಕೆ ಪರ್ಮಿಶನ್ ಇರೋ ಮೂರಿಂಗ್ ಸಿಗೋದು ಬಲು ಕಷ್ಟ.

ಅದಕ್ಕೇ ನಮ್ಮಂಥೋರು ಕಂಟಿನ್ಯೂಯಸ್ ಕ್ರೂಸರ್ ಆಗೋದು, ಅಂದ್ರೆ ಮೂರಿಂಗೇ ಇಲ್ಲ, ತಿರುಗ್ತಾ ಇರ್ಬೇಕು. 1995ರ ಕಾಯ್ದೆ ಪ್ರಕಾರ ಒಂದೇ ಜಾಗದಲ್ಲಿ 14 ದಿನದ ಮೇಲೆ ನಿಲ್ಲೋ ಹಾಗಿಲ್ಲ. ಎರಡು ಸೇತುವೆ ಮಧ್ಯೆ ಹಿಂದೆ ಮುಂದೆ ಆಡ್ಕೊಂಡಿದ್ರೆ ಆಯ್ತಲ್ಲ ಅಂತ ಬರೋರು ಇದ್ದಾರೆ, ಟ್ರಸ್ಟ್‌ನೋರು ಟೋಪಾತಲ್ಲಿ (ಕೆನಾಲ್ ದಡದ ಕಾಲುದಾರಿ) ಓಡಾಡ್ತಾ ಬೋಟ್ ನಂಬರ್ ಬರ್ಕೊಂಡು ಹೋಗ್ತಾರೆ, ವರ್ಷದಲ್ಲಿ ಒಂದು 20 ಮೈಲಿ ವ್ಯಾಪ್ತಿಲಾದ್ರೂ ಓಡಾಡಿಲ್ಲ ಅಂದ್ರೆ ರಿನ್ಯೂವಲ್ ಟೈಮಲ್ಲಿ ಕಾಗದ ಗ್ಯಾರಂಟಿ. 2024ರ ಏಪ್ರಿಲ್‌ನಿಂದ ತಿರುಗೋರಿಗೆ ಲೈಸೆನ್ಸ್ ಮೇಲೆ ಎಕ್ಸ್‌ಟ್ರಾ ಫೀಸು ಬೇರೆ ಹಾಕಿದ್ದಾರೆ, ಅದರ ಜಗಳ ಇನ್ನೂ ನಿಂತಿಲ್ಲ, ಅದು ಬಿಡಿ.

ಈಗ ನಿಮ್ಮ ಆಫೀಸು. ನೀವು ಪುಣ್ಯವಂತರು, ಈ ಕೆನಾಲ್ ಪಕ್ಕದಲ್ಲೇ ರೈಲು ಹೋಗುತ್ತೆ, ನ್ಯೂಬರಿ, ಹಂಗರ್‌ಫರ್ಡ್, ಬೆಡ್‌ವಿನ್ ಸ್ಟೇಷನ್ನೆಲ್ಲ ಟೋಪಾತಿಂದ ಕೂಗಳತೆ ದೂರ. ಡಿವೈಜಸ್ ಹತ್ರ ಹೋದಾಗ ಕಷ್ಟ, ಆ ಊರಿಗೆ ರೈಲೇ ಇಲ್ಲ. ಮುಂದೆ ಬ್ರಾಡ್‌ಫರ್ಡ್ ಆನ್ ಏವನ್, ಬಾತ್ ಕಡೆ ಮತ್ತೆ ರೈಲು ಸಿಗುತ್ತೆ ಆದ್ರೆ ರೀಡಿಂಗ್ ಅಲ್ಲಿಂದ ದೂರ. ಹಂಗಾಗಿ ಇವತ್ತೆಲ್ಲಿದ್ದೀವಿ ಅನ್ನೋದರ ಜೊತೆ ಎರಡು ವಾರ ಆದ್ಮೇಲೆ ಎಲ್ಲಿರ್ತೀವಿ ಅಂತ ಮ್ಯಾಪ್ ಹಿಡ್ಕೊಂಡು ಕೂರೋದು ಅಭ್ಯಾಸ ಆಗ್ಬೇಕು. ನಂಗೆ ಅದೇ ಇಷ್ಟ ಅನ್ನಿ, ನಮ್ಮ ಮನೆಯಾಕೆಗೆ ಅದೇ ತಲೆನೋವು.

ಚಳಿಗಾಲಕ್ಕೆ ಒಂದು ಮಾತು. ರೀಡಿಂಗಿಂದ ನ್ಯೂಬರಿವರೆಗೆ ಬಹಳ ಕಡೆ ಕೆನೆಟ್ ನದಿನೇ ಕೆನಾಲ್ ಆಗಿರೋದು, ಮಳೆ ಹಿಡೀತು ಅಂದ್ರೆ ನೀರು ಏರಿ ಸೆಳೆತ ಜೋರು, ಬೋಟ್ ಬಿಚ್ಚೋ ಹಾಗಿರಲ್ಲ. ಅಷ್ಟರೊಳಗೆ ಮೇಲೆ ಹೋಗಿಬಿಡಿ. ವುಟನ್ ರಿವರ್ಸ್‌ನಿಂದ ಡಿವೈಜಸ್‌ವರೆಗೆ 15 ಮೈಲಿ ಒಂದೇ ಒಂದು ಲಾಕಿಲ್ಲ (ಬೋಟನ್ನ ಏರಿಸಿ ಇಳಿಸೋ ಗೇಟಿನ ತೊಟ್ಟಿ), ಲಾಂಗ್ ಪೌಂಡ್ ಅಂತಾರೆ, ಚಳಿಗಾಲದಲ್ಲಿ ನಾವೆಲ್ಲಾ ಅಲ್ಲೇ ಠಿಕಾಣಿ.

ಫೇಡಾ_ಪ್ರಿಯ

ಅಕ್ಕಾರ, ಲಾಕ್ ಬಗ್ಗೆ ಯಾರೂ ಹೇಳವಲ್ರು, ನಾನ ಹೇಳ್ತೀನಿ. ನಾ ಧಾರವಾಡದಾಂವ, ಈಗ ಸ್ವಿಂಡನ್ ಕಡೆ ಇರ್ತೀನ್ರಿ, ಬೋಟ್ ಸ್ವಂತದ್ದ. ಲಾಕ್ ಅಂದ್ರ ಎರಡೂ ತುದಿಗೆ ಗೇಟ್ ಇರೂ ಒಂದು ಕಲ್ಲಿನ ತೊಟ್ಟಿ. ಬೋಟ್ ಒಳಗ ತರೂದು, ಹಿಂದಿನ ಗೇಟ್ ಹಾಕೂದು, ವಿಂಡ್ಲಾಸ್ ಅಂತ ಒಂದು ಕಬ್ಬಿಣದ ಹ್ಯಾಂಡಲ್ ಇರ್ತದ, ಅದನ್ನ ಹಾಕಿ ತಿರುವಿ ಪ್ಯಾಡಲ್, ಅಂದ್ರ ನೀರು ಬಿಡೂ ಸಣ್ಣ ಬಾಗಿಲಾ, ಎತ್ತಿದ್ರ ನೀರು ಬರ್ತದ ಇಲ್ಲಾ ಹೋಗ್ತದ, ಎರಡೂ ಕಡೆ ಮಟ್ಟ ಸಮ ಆದಮ್ಯಾಲ ಗೇಟಿನ ದಿಮ್ಮಿಗೆ ಬೆನ್ನು ಕೊಟ್ಟು ನೂಕೂದು. ಮಟ್ಟ ಸಮ ಆಗೂಕಿಂತ ಮೊದಲ ಎಷ್ಟು ನೂಕಿದ್ರೂ ಅಲಗಾಡೂದಿಲ್ಲ, ಸುಮ್ನ ನಿಂತು ಆಕಾಶ ನೋಡ್ರಿ.

ಕೆಳಗ ಇಳಿಯೂ ಮುಂದ ಮಾತ್ರ ಹುಷಾರ್. ಮ್ಯಾಲಿನ ಗೇಟಿನ ಬುಡಕ್ಕ ನೀರೊಳಗ ಸಿಲ್ ಅಂತ ಕಟ್ಟಿ ಇರ್ತದ, ಲಾಕಿನ ಗ್ವಾಡಿಗೆ ಬಿಳಿ ಗುರುತು ಹಾಕಿರ್ತಾರ, ಬೋಟಿನ ಹಿಂಭಾಗ ಆ ಗುರುತು ದಾಟಿ ಮುಂದ ಇರಬೇಕು. ಇಲ್ಲಾಂದ್ರ ನೀರು ಇಳದಂಗ ಹಿಂಭಾಗ ಕಟ್ಟಿ ಮ್ಯಾಲ ಕುಂತು ಮುಂಭಾಗ ಬಗ್ಗಿ ಬೋಟ ಮುಳುಗ್ತದ, ಭಾಳ ಹೊತ್ತೂ ಬೇಕಾಗಂಗಿಲ್ಲ. ಹಗ್ಗ ಬಿಗಿಯಾಗಿ ಕಟ್ಟಿ ಇಳಿಸೂದೂ ಅಷ್ಟ ಅಪಾಯ. ಬೋಟಿಂಗ್ ಸಂಘ ಆರ್‌ವೈಎ ದವರು ಇನ್‌ಲ್ಯಾಂಡ್ ಹೆಲ್ಮ್ಸ್‌ಮನ್ ಅಂತ ಸಣ್ಣ ಕೋರ್ಸ್ ನಡಸ್ತಾರ, ಕಡ್ಡಾಯ ಇಲ್ಲ ಆದ್ರ ಗಂಡ ಹೆಂಡತಿ ಇಬ್ರೂ ಮಾಡ್ರಿ. ಟಿಲ್ಲರ್, ಅಂದ್ರ ಬೋಟ್ ತಿರುಗಿಸೂ ಹಿಡಿ, ಎಡಕ್ಕ ನೂಕಿದ್ರ ಬೋಟ್ ಬಲಕ್ಕ ಹೋಗ್ತದ, ಅದನ್ನ ಕೈಗೆ ಕಲಿಸಬೇಕು, ತಲಿಗೆ ಅಲ್ಲ. ಮತ್ತ ವೇಗ ತಾಸಿಗೆ 4 ಮೈಲಿ ಅಷ್ಟ, ನಿಂತ ಬೋಟ್ ಬಾಜೂಕ ಹೋಗುವಾಗ ಇನ್ನೂ ನಿಧಾನ, ಇಲ್ಲಾಂದ್ರ ಒಳಗಿನಾಂವನ ಚಾ ಚೆಲ್ಲಿ ಅಂವಾ ಹೊರಗ ಬಂದು ಒದರ್ತಾನ.

ಡಿವೈಜಸ್‌ದಾಗ ಕೇನ್ ಹಿಲ್ ಅಂತದ, ಒಟ್ಟು 29 ಲಾಕ್, ಅದರಾಗ 16 ಗುಡ್ಡದ ಮ್ಯಾಲಿಂದ ಸೀದಾ ಒಂದರ ಕೆಳಗ ಒಂದು. ಐದಾರು ತಾಸಿನ ಕೆಲಸ. ಇನ್ನೊಂದು ಬೋಟ್ ಜೋಡಿ ಮಾಡ್ಕೊಂಡು ಹೋಗ್ರಿ, ಈ ಕೆನಾಲಿನ ಲಾಕ್ ಅಗಲ ಅದಾವು, ಎರಡು ನ್ಯಾರೋಬೋಟ್ ಮಗ್ಗಲಕ್ಕ ಮಗ್ಗಲ ಹಿಡೀತಾವು, ಮೈಗೆ ಕೆಲಸ ಅರ್ಧ, ನೀರೂ ಉಳೀತದ. ವಯಸ್ಸಾದ ವಾಲಂಟಿಯರ್ ಮಂದಿ ಲಾಕ್ ಮ್ಯಾಲ ನಿಂತಿರ್ತಾರ, ಅವರ ಕೂಡ ಮಾತಾಡ್ರಿ. ಈ ಕೆನಾಲ್ ಒಂದು ಕಾಲಕ್ಕ ಬಂದ್ ಆಗಿ ಹೂಳು ತುಂಬಿತ್ತು, ಜನಾನ ವರ್ಷಗಟ್ಟಲೆ ಅಗದು ತೆಗದಮ್ಯಾಲ 1990ರಾಗ ರಾಣಿ ಬಂದು ಮತ್ತ ಚಾಲೂ ಮಾಡಿದ್ಲು. ಅವಾಗ ಸಲಿಕಿ ಹಿಡದಿದ್ದವರು ಒಬ್ಬೊಬ್ಬರು ಇನ್ನೂ ಸಿಗ್ತಾರ.

ದಡ_ಸೇರಿದವಳು

ನಾವು ಮಾರಿ ಮನೆಗೆ ಬಂದ್ವಿ. ಬೇಜಾರಾಗಿ ಅಲ್ಲ, ಮಗು ಅಂಬೆಗಾಲಿಡೋಕೆ ಶುರು ಮಾಡ್ತು. ಹೊರಗಡೆಯಿಂದ ಅಗಲ 6 ಅಡಿ 10 ಇಂಚು, ಒಳಗೆ ಇನ್ಸುಲೇಶನ್ನು ಹಲಗೆ ಎಲ್ಲಾ ಹೋಗಿ ಆರಡಿ ಸಿಗುತ್ತೆ, ಅದ್ರಲ್ಲಿ ಒಂದು ಕಡೆ ಸ್ಟೋವು. ತಗೊಳೋದಾದ್ರೆ ಬೋಟನ್ನ ನೀರಿಂದ ಹೊರಗೆ ತೆಗ್ಸಿ ನಿಮ್ಮದೇ ಸರ್ವೇಯರ್ ಹತ್ರ ಸರ್ವೆ ಮಾಡಿಸದೆ ಒಂದು ಪೈಸೆ ಕೊಡ್ಬೇಡಿ, ಬ್ರೋಕರ್ ಎಷ್ಟೇ ನಗ್ತಾ ಮಾತಾಡ್ಲಿ. ಪಕ್ಕದ ಸ್ಟೀಲ್ ಹೊಸದಾಗಿದ್ದಾಗ 6 ಮಿಲಿಮೀಟರ್ ಇರುತ್ತೆ, ಸವೆದು 4ಕ್ಕಿಂತ ಕೆಳಗೆ ಬಂದಿದ್ರೆ ಇನ್ಶೂರೆನ್ಸ್‌ನೋರು ತಕರಾರು ತೆಗೀತಾರೆ, ಮೇಲೆ ತೇಪೆ ಪ್ಲೇಟ್ ಹೊಡೆಸೋಕೆ ಸಾವಿರಗಟ್ಟಲೆ. ಮನೆ ಥರ ಮಾರ್ಟ್‌ಗೇಜೂ ಸಿಗಲ್ಲ, ಇದಕ್ಕೆ ಬೇರೆ ಲೋನು, ಬಡ್ಡಿ ಜಾಸ್ತಿ. ಒಳಗಿನ ಬಣ್ಣ, ಕರ್ಟನ್ನು, ಕ್ಯೂಟ್ ಆಗಿರೋ ಪಿಂಗಾಣಿ ಸಿಂಕು ನೋಡಿ ಬೀಳ್ಬೇಡಿ ಅಷ್ಟೇ.

ಒಗ್ಗರಣೆ_ಡಬ್ಬಿ

ಅಡುಗೆ ಪ್ರಶ್ನೆ ನನಗೇ ಬಿಡಿ. ಎಲ್ಲಾ ಆಗುತ್ತೆ. ಗ್ಯಾಸ್ ಇದೆ, ಪ್ರೊಪೇನ್ ಸಿಲಿಂಡರ್ ಮುಂದುಗಡೆ ಲಾಕರಲ್ಲಿ ಕೂರುತ್ತೆ, ಕುಕ್ಕರ್ ಇಟ್ರೆ ಬಹಳ ದಿನ ಬರುತ್ತೆ. ಮಿಕ್ಸಿನೇ ಮುಖ್ಯ ಪ್ರಾಬ್ಲಮ್ಮು. ನಮ್ಮೂರಿಂದ ತಂದ 750 ವ್ಯಾಟ್ ಮಿಕ್ಸಿ ಓಡ್ಬೇಕು ಅಂದ್ರೆ ಇನ್ವರ್ಟರ್ ದೊಡ್ಡದಿರ್ಬೇಕು, ಬ್ಯಾಟರಿ ತುಂಬಿರ್ಬೇಕು. ಬೇಸಿಗೇಲಿ ಸೋಲಾರಲ್ಲಿ ಆರಾಮ, ಡಿಸೆಂಬರಲ್ಲಿ ಸೋಲಾರ್ ಬರೀ ಅಲಂಕಾರ, ಎಂಜಿನ್ ಓಡಿಸಿ ಚಾರ್ಜ್ ಮಾಡ್ಬೇಕು, ಅದೂ ಬೇರೆ ಬೋಟ್‌ಗಳ ಹತ್ರ ನಿಂತಿದ್ರೆ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಓಡಿಸಂಗಿಲ್ಲ. ಹಂಗಾಗಿ ನಮ್ಮ ಬೋಟಲ್ಲಿ ಚಟ್ನಿ, ಹಿಟ್ಟು ರುಬ್ಬೋದೆಲ್ಲಾ ಹಗಲಲ್ಲಿ, ಬೋಟ್ ಹೋಗ್ತಾ ಇರ್ಬೇಕಾದ್ರೆನೇ. ಇವರು ಹಿಂದೆ ಟಿಲ್ಲರ್ ಹಿಡ್ಕೊಂಡು ನಿಂತಿರ್ತಾರೆ, ನಾನು ಒಳಗೆ ಕಾಯಿ ತುರೀತಿರ್ತೀನಿ, ಕಿಟಕೀಲಿ ಹಸು ಕುರಿ ಬಾತುಕೋಳಿ ಎಲ್ಲಾ ಮೆಲ್ಲಗೆ ಹಿಂದೆ ಹೋಗ್ತಿರುತ್ತೆ. ನೋಡಿ, ಇದಕ್ಕೋಸ್ಕರನೇ ನಾನು ಇನ್ನೂ ಇಲ್ಲಿರೋದು.

ದೋಸೆ ಹಿಟ್ಟು ಹುದುಗೋಕೆ ಫ್ಲಾಟ್‌ಗಿಂತ ಬೋಟೇ ವಾಸಿ. ಕಲ್ಲಿದ್ದಲು ಸ್ಟೋವ್ ರಾತ್ರಿಯೆಲ್ಲಾ ಸಣ್ಣಗೆ ಉರೀತಿರುತ್ತೆ, ಪಕ್ಕದ ಶೆಲ್ಫಲ್ಲಿ ಪಾತ್ರೆ ಇಟ್ರೆ ಜನವರೀಲೂ ಉಕ್ಕಿ ಬರುತ್ತೆ. ಅದೇ ಸ್ಟೋವ್ ಮೇಲೆ ಸಾರು ಬಿಸಿ ಇರುತ್ತೆ, ಹಪ್ಪಳ ಸುಟ್ಕೋಬೋದು. ಆದ್ರೆ ಇಡ್ಲಿ ದಿನ ಹಬೆಯೆಲ್ಲಾ ಕಿಟಕಿ ಚೌಕಟ್ಟಲ್ಲಿ ನೀರಾಗಿ ಇಳಿದು ಹಾಸಿಗೆ ಅಡಿಗೆ ಹೋಗುತ್ತೆ, ಬೂಸ್ಟು ಬರುತ್ತೆ. ಎಷ್ಟೇ ಚಳಿ ಇದ್ರೂ ಕಿಟಕಿ ಸ್ವಲ್ಪ ತೆಗೆದಿಡ್ಬೇಕು, ಚಾವಣಿ ವೆಂಟ್ ಯಾವತ್ತೂ ಮುಚ್ಬೇಡಿ. ಚಳಿ ಅಂತ ಬಟ್ಟೆ ತುರುಕಿದ್ರೆ ಸ್ಟೋವಿನ ಕಾರ್ಬನ್ ಮಾನಾಕ್ಸೈಡ್ ಒಳಗೇ ನಿಂತ್ಕೊಳುತ್ತೆ, ಅದಕ್ಕೆ ವಾಸನೆನೂ ಇಲ್ಲ, ಗೊತ್ತಾಗೋದೂ ಇಲ್ಲ. 2019ರಿಂದ ಬೋಟ್ ಸೇಫ್ಟೀಲಿ ಅದರ ಅಲಾರಂ ಕಡ್ಡಾಯ, ಒಗ್ಗರಣೆಗೆ ಕೂಗ್ಕೊಳೋದು ಸ್ಮೋಕ್ ಅಲಾರಂ, ಅದು ಬೇರೆ, ಕೂಗ್ತು ಅಂತ ಎರಡನ್ನೂ ಕಿತ್ತಿಡೋ ಬುದ್ಧಿವಂತರಿದ್ದಾರೆ.

ಸಿಂಕಿನ ನೀರು ನೇರ ಕೆನಾಲ್‌ಗೇ ಹೋಗುತ್ತೆ, ಹಂಗಾಗಿ ಕರಿದ ಎಣ್ಣೆ, ಜಿಡ್ಡು ಒರೆಸಿ ಕಸಕ್ಕೆ ಹಾಕಿ. ನಲ್ಲಿ ತಿರುಗಿಸಿಟ್ಟು ಪಾತ್ರೆ ತೊಳೆಯೋದು ಇಲ್ಲಿ ನಡೆಯಲ್ಲ, ಟ್ಯಾಂಕ್ ಖಾಲಿ ಆಯ್ತು ಅಂದ್ರೆ ಮುಂದಿನ ವಾಟರ್ ಪಾಯಿಂಟ್ ಮೂರು ಲಾಕ್ ಆಚೆ ಇರುತ್ತೆ.

ಟೋಪಾತ್_ತಿರುಕ

ಫ್ಯೂಯಲ್ ಬೋಟ್ ಹೇಳೋದು ಮರ್ತೆ. ಕಲ್ಲಿದ್ದಲು, ಡೀಸೆಲ್ಲು, ಗ್ಯಾಸು ತುಂಬ್ಕೊಂಡು ಬೋಟಲ್ಲೇ ಮಾರ್ಕೊಂಡು ಬರ್ತಾರೆ, ಹಳ್ಳೀಲಿ ತರಕಾರಿ ಗಾಡಿ ಬಂದಂಗೆ. ಅವ್ರ ದಿನ ಗೊತ್ತು ಮಾಡ್ಕೊಳಿ, ಇಲ್ದಿದ್ರೆ 20 ಕೇಜಿ ಚೀಲ ಹೆಗಲ ಮೇಲೆ, ಕೆಸರು ಟೋಪಾತು, ಮಳೆ.

ಮಲೆನಾಡು_ಟು_ಮಿಡ್ಲೆಂಡ್ಸ್

ಎಲ್ಲಾರೂ ಕೊಳಾಯಿ ಕಲ್ಲಿದ್ದಲು ಅಂತ ಹೆದರಿಸ್ತಿದ್ದೀರಿ, ಆಮೇಲೆ ಯಾರೂ ಬಿಟ್ಟು ಹೋಗಲ್ಲ! ಮೇಡಂ, ನಾವು ಪೂರ್ತಿ ಬೋಟಲ್ಲೇ ಇಲ್ಲ, ಒಂದು ಬೋಟಲ್ಲಿ ಷೇರ್ ಇದೆ. ಹಲವಾರು ಜನ ಸೇರಿ ಒಂದು ಬೋಟ್, ವರ್ಷದಲ್ಲಿ ಇಷ್ಟು ವಾರ ಅಂತ ನಮ್ಮ ಪಾಲಿಗೆ, ರಿಪೇರಿ ಖರ್ಚೂ ಹಂಚಿಕೆ. ಇದ್ರಲ್ಲಿ ನಾವು ಸುತ್ತಿರೋದು ಹೆಚ್ಚಾಗಿ ಬರ್ಮಿಂಗ್‌ಹ್ಯಾಮ್, ವೇಲ್ಸ್ ಕಡೆ. ಲ್ಯಾಂಗಾಥ್ಲನ್ ಕೆನಾಲಲ್ಲಿ ಪಾಂಟ್‌ಕಸಾಥ್ಲಿ ಮೇಲ್ಗಾಲುವೆ ಅಂತ ಇದೆ, ಥಾಮಸ್ ಟೆಲ್ಫರ್ಡ್, ವಿಲಿಯಂ ಜೆಸಪ್ ಕಟ್ಟಿದ್ದು, 1805ರದ್ದು, 126 ಅಡಿ ಎತ್ತರದಲ್ಲಿ ಕಬ್ಬಿಣದ ತೊಟ್ಟಿ, ಅದರೊಳಗೆ ಕೆನಾಲು, ಕೆಳಗೆ ಡೀ ನದಿ. ಒಂದು ಪಕ್ಕ ಟೋಪಾತೂ ಕಂಬಿನೂ ಇದೆ, ಇನ್ನೊಂದು ಪಕ್ಕ ಏನೂ ಇಲ್ಲ, ಬೋಟಿನ ಅಂಚು ಆಮೇಲೆ ಗಾಳಿ. ನಮ್ಮತ್ತೆ ಶಿವಮೊಗ್ಗದಿಂದ ಬಂದಾಗ ಕರ್ಕೊಂಡು ಹೋಗಿದ್ವಿ, ಕಣ್ಮುಚ್ಚಿಕೊಂಡು ರಾಘವೇಂದ್ರ ಸ್ತೋತ್ರ ಹೇಳ್ತಾ ಕೂತಿದ್ದವರು ಆ ಕಡೆ ದಾಟಿದ ತಕ್ಷಣ ಇನ್ನೊಂದ್ಸಲ ಹೋಗೋಣ ಅಂದ್ರು.

ನಂಗೆ ಇಷ್ಟ ಏನಂದ್ರೆ ಇಲ್ಲಿ ಯಾರೂ ಅಪರಿಚಿತರಾಗಿ ಉಳಿಯಲ್ಲ. ಊರೊಳಗೆ ಪಕ್ಕದ ಮನೆಯವ್ರು ಗುಡ್ ಮಾರ್ನಿಂಗ್ ಅನ್ನೋಕೂ ಲೆಕ್ಕ ಹಾಕ್ತಾರೆ, ಲಾಕಲ್ಲಿ ಅದೇ ಇಂಗ್ಲಿಷಿನವರು ನಿಮ್ಮ ಹಗ್ಗ ಹಿಡ್ಕೊಂಡು ಬೋಟ್ ಎಷ್ಟಡಿ, ಯಾವ ಎಂಜಿನ್, ನಾಯಿ ಹೆಸರೇನು ಎಲ್ಲಾ ಕೇಳ್ತಾರೆ. ಸುಮ್ನೆ ನಿಂತು ನೋಡೋ ಜನಕ್ಕೆ ಗಾಂಗೂಜ್ಲರ್ ಅಂತಾರೆ, ಲಾಕ್ ಪಕ್ಕ ಪಬ್ ಇದ್ರಂತೂ ಐವತ್ತು ಜನ ಗ್ಲಾಸ್ ಹಿಡ್ಕೊಂಡು ನಿಮ್ಮನ್ನೇ ನೋಡ್ತಿರ್ತಾರೆ, ಆ ದಿನವೇ ಬೋಟ್ ಗೋಡೆಗೆ ಗುದ್ದುತ್ತೆ. ಈ ಇಷ್ಟು ಸಣ್ಣ ಬೋಟಲ್ಲಿ ಹಿಂದೆ ಸರಕು ಸಾಗಿಸೋ ಕುಟುಂಬಗಳು ಹಿಂದಿನ ಹತ್ತಡಿ ಕ್ಯಾಬಿನಲ್ಲಿ ಮಕ್ಕಳು ಮರಿ ಸಮೇತ ಬದುಕ್ತಿದ್ರು, ಬಾಗಿಲಿಗೆ ಗುಲಾಬಿ, ಕೋಟೆ ಚಿತ್ರ ಬಿಡಿಸ್ತಿದ್ದೋರು ಅವರೇ. 1962–63ರ ಚಳಿಗಾಲ ಕೆನಾಲೆಲ್ಲಾ ಹೆಪ್ಪುಗಟ್ಟಿ ತಿಂಗಳುಗಟ್ಟಲೆ ಬೋಟ್ ಅಲ್ಲಾಡ್ಲಿಲ್ಲ, ಸರಕು ವ್ಯಾಪಾರ ಆಮೇಲೆ ಚೇತರಿಸ್ಕೊಳ್ಳಲೇ ಇಲ್ಲ. ನಾವು ವೈಫೈ ಸ್ಲೋ ಅಂತ ಗೊಣಗ್ತೀವಿ.

ಪ್ರಶ್ನೆ ಕೇಳಿದವಳು

ಅಬ್ಬಾ, ಇಷ್ಟೊಂದು! ಎಲ್ರಿಗೂ ಥ್ಯಾಂಕ್ಸ್. ಇನ್ನೆರಡು ಕೇಳ್ಲಾ? ಟಾಯ್ಲೆಟ್ ಹೇಗೆ, ಯಾರೂ ಬಾಯಿ ಬಿಡ್ತಿಲ್ಲ. ಅಡ್ರೆಸ್ ಇಲ್ದೆ ಬ್ಯಾಂಕು, ಡಾಕ್ಟ್ರು ಎಲ್ಲಾ ಹೇಗೆ?

ದಡ_ಸೇರಿದವಳು

ಹ ಹ, ಬೋಟಿನೋರು ಇಬ್ರು ಸೇರಿದ್ರೆ ಐದು ನಿಮಿಷದಲ್ಲಿ ಮಾತು ಅಲ್ಲಿಗೇ ಬರುತ್ತೆ, ಇಲ್ಲಿ ಇಷ್ಟು ಹೊತ್ತಾಗಿದ್ದೇ ಆಶ್ಚರ್ಯ. ಮೂರು ದಾರಿ. ಪಂಪ್ ಔಟ್ ಅಂದ್ರೆ ಹಾಸಿಗೆ ಅಡೀಲಿ ಅಥವಾ ಎಲ್ಲೋ ದೊಡ್ಡ ಟ್ಯಾಂಕು, ತುಂಬಿದಾಗ ಮರೀನಾಗೆ ಹೋಗಿ ದುಡ್ಡು ಕೊಟ್ಟು ಎಳೆಸೋದು, ಕೆನಾಲ್ ಹೆಪ್ಪುಗಟ್ಟಿ ಬೋಟ್ ಸಿಕ್ಕಾಕ್ಕೊಂಡ್ರೆ ದೇವರೇ ಗತಿ. ಕ್ಯಾಸೆಟ್ ಅಂದ್ರೆ ಸೂಟ್‌ಕೇಸ್ ಥರದ ಡಬ್ಬ, ಎಲ್ಸನ್ ಪಾಯಿಂಟಿಗೆ ಹೊತ್ಕೊಂಡು ಹೋಗಿ ಖಾಲಿ ಮಾಡೋದು. ಕಾಂಪೋಸ್ಟ್ ಟಾಯ್ಲೆಟ್ ಈಗ ಫ್ಯಾಶನ್ನು, ಒಂದು ಎರಡು ಬೇರೆ ಬೇರೆ ಹೋಗ್ಬೇಕು, ಗಟ್ಟಿದು ಪೂರ್ತಿ ಗೊಬ್ಬರ ಆಗೋಕೆ ತಿಂಗಳುಗಟ್ಟಲೆ ಬೇಕು, ಅಲ್ಲಿವರೆಗೆ ಇಡೋಕೆ ಜಾಗ ಎಲ್ಲಿ? ನನ್ ಓಟು ಕ್ಯಾಸೆಟ್‌ಗೆ, ಒಂದು ಸ್ಪೇರ್ ಡಬ್ಬ ಇಟ್ಕೊಳಿ.

ಫೇಡಾ_ಪ್ರಿಯ

ಸ್ಪೇರ್ ಎರಡು ಇಡ್ರಿ. ಮನಿಗೆ ಮಂದಿ ಬರ್ತಾರ.

ಟೋಪಾತ್_ತಿರುಕ

ಡಾಕ್ಟ್ರು ತೊಂದರೆ ಇಲ್ಲ, ಜಿಪಿ ಹತ್ರ ಹೆಸರು ಬರೆಸೋಕೆ ಅಡ್ರೆಸ್ ಪ್ರೂಫ್ ಕಡ್ಡಾಯ ಅಲ್ಲ, ರಿಸೆಪ್ಷನಲ್ಲಿ ಗೊತ್ತಿಲ್ದೆ ವಾದ ಮಾಡ್ತಾರೆ, ನಿಧಾನವಾಗಿ ಹೇಳಿ. ಬ್ಯಾಂಕು ಕಷ್ಟ, ಫ್ಲಾಟ್ ಬಿಡೋಕೆ ಮುಂಚೆನೇ ಅಕೌಂಟು, ಕಾರ್ಡು, ಡ್ರೈವಿಂಗ್ ಲೈಸೆನ್ಸು ಎಲ್ಲಾ ಸರಿ ಮಾಡ್ಕೊಂಡುಬಿಡಿ, ಕಾಗದ ಬರೋಕೆ ಯಾರಾದ್ರೂ ಸ್ನೇಹಿತರ ಮನೆ ನೋಡ್ಕೊಳಿ. ವರ್ಕ್ ವೀಸಾದಲ್ಲಿದ್ರೆ ಕಂಪನಿ ಎಚ್‌ಆರ್‌ನೂ ಒಬ್ಬ ಇಮಿಗ್ರೇಶನ್ ಲಾಯರ್‌ನೂ ಕೇಳಿ, ಇಲ್ಲಿ ಯಾರು ಹೇಳಿದ್ದೂ ನಂಬ್ಬೇಡಿ, ನಾನು ಹೇಳಿದ್ದೂ ಸೇರಿಸಿ.

ಕೊಳೋಕೆ ಮುಂಚೆ ಬಾಡಿಗೆ ಬೋಟ್ ತಗೊಂಡು ಒಂದು ವಾರ ಇರಿ, ಆದ್ರೆ ಜೂನಲ್ಲಿ ಬೇಡ, ಜೂನಲ್ಲಿ ಎಲ್ರಿಗೂ ಇಷ್ಟ ಆಗುತ್ತೆ. ನವೆಂಬರಲ್ಲಿ ತಗೊಳಿ, ರೇಟೂ ಕಮ್ಮಿ, ಇಬ್ರೂ ಲ್ಯಾಪ್‌ಟಾಪ್ ತಗೊಂಡು ಹೋಗಿ ನಿಜವಾಗ್ಲೂ ಕೆಲ್ಸ ಮಾಡಿ ನೋಡಿ. ನವೆಂಬರಿಂದ ಮಾರ್ಚ್‌ವರೆಗೆ ಟ್ರಸ್ಟ್‌ನೋರು ಅಲ್ಲಲ್ಲಿ ಲಾಕ್ ಖಾಲಿ ಮಾಡಿ ರಿಪೇರಿ ಮಾಡ್ತಾರೆ, ಅದರ ಸ್ಟಾಪೇಜ್ ಲಿಸ್ಟ್ ಮುಂಚೆನೇ ಬಂದಿರುತ್ತೆ, ಅದನ್ನ ನೋಡ್ಕೊಂಡು ಆಮೇಲೆ ಬುಕ್ ಮಾಡಿ.