ಗಾಳಿಗೆ ಹಂಚು ಹಾರಿದೆ, ಪೂರ್ತಿ ತೆಗೆದು ಶೀಟ್ ಹಾಕ್ಸೋದಾ ಇಲ್ಲಾ ರಿಪೇರಿ ಸಾಕಾ?

ತುಂಗೆ_ದಡ:
ಎಲ್ರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ಹತ್ರ ಒಂದು ಹಳ್ಳೀಲಿ, ಅಪ್ಪ ಅಮ್ಮ ಇಬ್ರೇ ಇರೋದು, ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೀನಿ. ಹೋದ ಗುರುವಾರ ಸಂಜೆ ಭರಣಿ ಮಳೆ ಜೊತೆ ಬಂದ ಗಾಳಿ ಹತ್ತು ಹದಿನೈದು ನಿಮಿಷ ಅಷ್ಟೇ ಬೀಸಿದ್ದಂತೆ, ಅಷ್ಟರಲ್ಲೇ ಅಡುಗೆಮನೆ ಮೇಲಿನ ಮೂಲೆ ಹಂಚು ಒಂದು ನಲ್ವತ್ತು ಹಾರಿ ಅಂಗಳಕ್ಕೆ ಬಿದ್ದಿದೆ. ಅಜ್ಜನ ಕಾಲದ ಮಂಗಳೂರು ಹಂಚು, ಮರದ ಪಕಾಸು (ಇಳಿಜಾರಾಗಿ ಕೂರಿಸೋ ತೊಲೆ), ಅದರ ಮೇಲೆ ಹಂಚು ಕೂರೋ ಅಡ್ಡಪಟ್ಟಿ ರೀಪು, ಮಧ್ಯ ಅಟ್ಟ ಇದೆ. ಅಮ್ಮ ಫೋನಲ್ಲಿ "ನಲ್ವತ್ತೇ ಹಂಚು ಕಣೋ, ಕೊಟ್ಟಿಗೆ ಹಿಂದೆ ಹಳೇದು ಜೋಡಿಸಿಟ್ಟಿದೀವಲ್ಲ ಅದನ್ನೇ ಹಾಕಿದ್ರಾಯ್ತು" ಅಂತಾರೆ. ಆದ್ರೆ ಮರುದಿನ ಸಣ್ಣ ಮಳೆ ಬಂದಾಗ ಹಂಚು ಹೋಗಿರದ ನಡುಮನೇಲೂ ಮೂರು ಕಡೆ ತೊಟ್ಟಿಕ್ಕಿದೆ, ಅಮ್ಮ ಬೋಗುಣಿ ಇಟ್ಟು ರಾತ್ರಿಯೆಲ್ಲಾ ಎದ್ದೆದ್ದು ನೋಡಿದ್ದಾರೆ.

ಒಬ್ಬ ಕಂಟ್ರಾಕ್ಟರ್ ಬಂದು ಕೆಳಗಿಂದಾನೇ ನೋಡಿ, ಇದೆಲ್ಲ ತೆಗೆದು ಶೀಟ್ ಹೊದಿಸಿಬಿಡಿ, ಶೀಟ್ ಹಾರೋ ಪ್ರಶ್ನೇನೇ ಇಲ್ಲ ಅಂದ್ನಂತೆ. ಅಪ್ಪ ಅರ್ಧ ಒಪ್ಪಿದ್ದಾರೆ. ನಂಗೆ ಮನಸಿಲ್ಲ, ಆದ್ರೆ ಮನಸಿಲ್ಲ ಅಂತ ಹೇಳೋಕೆ ಕಾರಣಾನೂ ಗೊತ್ತಿಲ್ಲ. ಹಾರಿಹೋಗಿರೋದು ಕಣ್ಣಿಗೆ ಕಾಣುತ್ತೆ, ಕಾಣದೇ ಇರೋ ಡ್ಯಾಮೇಜ್ ಪತ್ತೆ ಮಾಡೋದು ಹೇಗೆ? ಮೃಗಶಿರಾ ಮಳೆ ಹಿಡಿಯೋದ್ರೊಳಗೆ, ಅಂದ್ರೆ ಜೂನ್ ಶುರುವಿನೊಳಗೆ, ಏನೇನು ಆಗ್ಲೇಬೇಕು? ಶನಿವಾರ ಊರಿಗೆ ಹೊರಟಿದ್ದೀನಿ, ಗೊತ್ತಿರೋರು ದಯವಿಟ್ಟು ಹೇಳಿ.

ಸಾಗರದ_ತೋಟ:
ಮೊದ್ಲು ಈಗ್ಲೇ ಅಪ್ಪನಿಗೆ ಫೋನ್ ಮಾಡಿ, ನಾನು ಬರೋ ತನಕ ಮಾಡು (ಛಾವಣಿ) ಹತ್ತಬೇಡಿ ಅಂತ ಹೇಳಿ. ಹಳೇ ಹಂಚಿನ ಮೇಲೆ ಪಾಚಿ ಇರುತ್ತೆ, ಒಂದು ಮಳೆ ಬಿದ್ರೆ ಸಾಕು ಸೋಪಿನ ಹಾಗೆ ಜಾರುತ್ತೆ. ನಮ್ಮ ಪಕ್ಕದ ಮನೆಯವರು ಹಂಚು ಸರಿಮಾಡೋಕೆ ಹೋಗಿ ಬಿದ್ದು ಸೊಂಟ ಮುರ್ಕೊಂಡು ಮೂರು ತಿಂಗಳು ಮಲಗಿದ್ರು. ಆಮೇಲೆ ಕಂಬದಿಂದ ಮನೆಗೆ ಬರೋ ಸರ್ವಿಸ್ ವೈರ್ ಮಾಡಿಗೆ ತಾಗ್ತಿದ್ಯಾ ನೋಡೋಕೆ ಹೇಳಿ, ತಾಗ್ತಿದ್ರೆ ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಬರೋವರೆಗೆ ಆ ಕಡೆ ಯಾರೂ ಸುಳಿಯೋದು ಬೇಡ.

ಇನ್ನು ನಿಮ್ಮ ಪ್ರಶ್ನೆ. ಹಾರಿಹೋದ ಹಂಚಿಗಿಂತ ಜಾರಿ ನಿಂತ ಹಂಚೇ ಜಾಸ್ತಿ ತೊಂದ್ರೆ ಕೊಡೋದು. ಗಾಳಿ ಹಂಚನ್ನ ಎತ್ತುತ್ತೆ, ಬಿಡುತ್ತೆ, ಅದು ಮತ್ತೆ ಕೂತ್ಕೊಳ್ಳುತ್ತೆ ಆದ್ರೆ ಪಕ್ಕದ ಹಂಚಿನ ತೋಡಿಗೆ (ಅಂಚಿನ ಕಾಲುವೆಗೆ) ಸರಿಯಾಗಿ ಕೂರಲ್ಲ, ಅರ್ಧ ಬೆರಳು ಸರಿದಿರುತ್ತೆ. ಅಂಗಳದಲ್ಲಿ ನಿಂತು ನೋಡಿದ್ರೆ ಎಲ್ಲಾ ಸರಿ ಇದ್ದಂಗೇ ಕಾಣುತ್ತೆ. ನಿಮ್ಮ ನಡುಮನೆ ಸೋರ್ತಿರೋದು ನನ್ನ ಲೆಕ್ಕದಲ್ಲಿ ಇದಕ್ಕೇ.

ಅದನ್ನ ನೋಡೋದು ಹೊರಗಿಂದ ಅಲ್ಲ, ಒಳಗಿಂದ. ಬಿಸಿಲಿರೋ ದಿನ ಹನ್ನೊಂದು ಗಂಟೆ ಹೊತ್ತಿಗೆ ಅಟ್ಟ ಹತ್ತಿ, ಲೈಟ್ ಹಾಕ್ಬೇಡಿ, ಟಾರ್ಚೂ ಬೇಡ, ಎರಡು ನಿಮಿಷ ಸುಮ್ನೆ ಕೂತ್ಕೊಳ್ಳಿ ಕಣ್ಣು ಕತ್ತಲೆಗೆ ಹೊಂದ್ಕೊಳ್ಳಲಿ. ಸರಿಯಾಗಿ ಕೂತ ಹಂಚಿನ ಸಾಲಲ್ಲಿ ಬೆಳಕು ಬಂದ್ರೂ ಕೂದಲೆಳೆ ಹಾಗೆ ಒಂದೇ ಸಮ ಇರುತ್ತೆ. ಜಾರಿದ ಹಂಚಿನ ಹತ್ರ ಮಾತ್ರ ಒಂದು ಕಡೆ ದಪ್ಪ ಇನ್ನೊಂದು ಕಡೆ ಸಣ್ಣ, ಬೆಣೆ ಇದ್ದಂಗೆ ಬೆಳಕು. ಅಂಥ ಕಡೆಯೆಲ್ಲಾ ಕೆಳಗಿನ ರೀಪಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಬನ್ನಿ. ಆಮೇಲೆ ಟಾರ್ಚ್ ಹಿಡಿದು ಪಕಾಸಿನ ಮೇಲೆ ನೀರು ಇಳಿದ ಕಪ್ಪು ಗೆರೆ ನೋಡಿ. ಹೊಸ ಗೆರೆ ಒದ್ದೆ ಇರುತ್ತೆ, ಹಳೇದು ಒಣಗಿ ಅಂಚಲ್ಲಿ ಬಿಳಿ ಕಟ್ಟಿರುತ್ತೆ. ಹಳೇ ಗೆರೆ ಇರೋ ಕಡೆ ಚಾಕು ತುದಿಯಿಂದ ಮರ ಚುಚ್ಚಿ, ಗೆದ್ದಲು ತಿಂದಿದ್ರೆ ಬೆಣ್ಣೆ ತರ ಒಳಗೆ ಹೋಗುತ್ತೆ. ಪಕಾಸು ಗೋಡೆ ಮೇಲೆ ಕೂರೋ ತುದೀನ ಮಾತ್ರ ಮರೀಲೇಬೇಡಿ, ಅಟ್ಟದ ಮೂಲೆ ಅಂತ ಅಲ್ಲಿಗೆ ಯಾರೂ ಹೋಗಿರಲ್ಲ.

ಸೈಟ್_ಇಂಜಿನಿಯರ್_ಎಸ್‌ಎಂಜಿ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಶೀಟ್ ವಿಷ್ಯ ಹೇಳ್ತೀನಿ ಯಾಕಂದ್ರೆ ಪ್ರತಿ ಮೇ ತಿಂಗಳು ಇದೇ ಮಾತು ಹೇಳಿ ಜನರ ಹತ್ರ ದುಡ್ಡು ಸುರಿಸ್ತಾರೆ.

ಗಾಳಿ ಮಾಡನ್ನ ಮೇಲಿಂದ ಒತ್ತಿ ಮುರಿಯುತ್ತೆ ಅಂತ ನಾವು ಅಂದ್ಕೊಳ್ತೀವಿ, ಆಗೋದು ಹೆಚ್ಚಾಗಿ ಉಲ್ಟಾ. ಗಾಳಿ ನೆತ್ತಿ (ಎರಡು ಇಳಿಜಾರು ಸೇರೋ ಮೇಲಿನ ಏಣು) ದಾಟಿ ಹೋಗುವಾಗ ಆಚೆ ಕಡೆ ಇಳಿಜಾರನ್ನ ಮೇಲಕ್ಕೆ ಹೀರುತ್ತೆ. ಸೂರು (ಮಾಡಿನ ಕೆಳ ಅಂಚು), ಮೂಲೆ, ನೆತ್ತಿ ಈ ಮೂರು ಕಡೆ ಆ ಎಳೆತ ಜಾಸ್ತಿ, ನಿಮ್ಮ ಮನೇಲೂ ಮೂಲೇನೇ ಹೋಗಿರೋದು ನೋಡಿ. ಇದರ ಜೊತೆ ಗಾಳಿ ಬರೋ ಕಡೆ ಬಾಗಿಲು ಕಿಟಕಿ ತೆಗೆದಿದ್ರೆ ಒಳಗಿಂದಾನೂ ತಳ್ಳುತ್ತೆ. ಅಡುಗೆಮನೆ ಹಿಂಬಾಗಿಲು ಆವತ್ತು ತೆಗೆದಿತ್ತಾ ಅಂತ ಅಮ್ಮನ್ನ ಕೇಳಿ.

ಲೆಕ್ಕ ಹಾಕಿ ನೋಡಿ. ಗಾಳಿ ಒತ್ತಡಕ್ಕೆ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 875 ಕೋಡಲ್ಲಿರೋ ಸೂತ್ರ, ವೇಗದ ವರ್ಗಕ್ಕೆ 0.6 ಗುಣಿಸೋದು. ಗಂಟೆಗೆ 90 ಕಿ.ಮೀ. ಅಂದ್ರೆ ಸೆಕೆಂಡಿಗೆ 25 ಮೀಟರ್, ಚದರ ಮೀಟರಿಗೆ 375 ನ್ಯೂಟನ್, ಅಂದ್ರೆ ಸುಮಾರು 38 ಕೆ.ಜಿ. ಮಂಗಳೂರು ಹಂಚು ಚದರ ಮೀಟರಿಗೆ ಹದಿನೈದರ ಲೆಕ್ಕ, ಒಂದೊಂದು ಎರಡೂವರೆ ಕೆ.ಜಿ. ಹಿಡಿದ್ರೆ ಅದೂ ಹೆಚ್ಚುಕಮ್ಮಿ ಅಷ್ಟೇ ತೂಕ. ಹಂಚಿನ ಸಂದಿಯಲ್ಲಿ ಗಾಳಿ ಆಡೋದ್ರಿಂದ ಪೂರ್ತಿ ಎಳೆತ ಬೀಳಲ್ಲ, ಹಂಗಾಗಿ ಮಾಡಿನ ಮಧ್ಯಭಾಗ ಉಳ್ಕೊಳ್ಳುತ್ತೆ, ಅಂಚು ಹೋಗುತ್ತೆ. ಕೋಡ್ ಪ್ರಕಾರ ಬೆಂಗಳೂರಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಆದ್ರಿಂದ 25 ಅನ್ನೋದು ನಮ್ ಕಡೆ ಅಪರೂಪದ ಗಾಳಿ ಏನಲ್ಲ.

ಈಗ ಶೀಟಿಗೆ ಬನ್ನಿ. ಅರ್ಧ ಎಂಎಂ ಶೀಟ್ ಚದರ ಮೀಟರಿಗೆ ಐದು ಕೆ.ಜಿ. ಆಸುಪಾಸು, ಅಷ್ಟೇ. ಸಂದೀನೂ ಇಲ್ಲ. ನಿಮ್ಮ ಹಳೇ ಮರದ ಚೌಕಟ್ಟು ಇಷ್ಟು ವರ್ಷ ಗೋಡೆ ಮೇಲೆ ಕೂತಿದ್ದು ಹಂಚಿನ ಭಾರದಿಂದ. ಆ ಭಾರ ತೆಗೆದು ಹಗುರ ಶೀಟನ್ನ ಅದೇ ಪಕಾಸಿಗೆ ಸ್ಕ್ರೂ ಹೊಡೆದ್ರೆ, ಹಂಚಾದ್ರೆ ಒಂದೊಂದಾಗಿ ಹಾರ್ತಿತ್ತು, ಇದು ಪಕಾಸು ಸಮೇತ ಎದ್ದು ಪಕ್ಕದ ತೋಟಕ್ಕೆ ಹೋಗಿ ಬೀಳುತ್ತೆ. ಶೀಟ್ ಕೆಟ್ಟದ್ದು ಅಂತ ಹೇಳ್ತಿಲ್ಲ. ಹಾಕೋದಾದ್ರೆ ಚೌಕಟ್ಟನ್ನ ಗೋಡೆಗೆ ಬೋಲ್ಟ್ ಹಾಕಿ ಬಿಗಿದು, ಅಂಚಿನ ಕಡೆ ಸ್ಕ್ರೂ ಒತ್ತೊತ್ತಾಗಿ ಹಾಕ್ಬೇಕು. ಈ ಕೆಲಸ ಅವರ ಕೊಟೇಶನ್‌ನಲ್ಲಿ ಇದ್ಯಾ ಕೇಳಿ.

ರಿಪೇರಿಗೆ ಹೋದ್ರೆ ಸೂರಿನ ಎರಡು ಸಾಲು ಮತ್ತೆ ಪಕ್ಕದ ಅಂಚಿನ ಹಂಚನ್ನ ತಂತಿ ಹಾಕಿ ರೀಪಿಗೆ ಕಟ್ಟಿಸಿ. ಹಂಚನ್ನ ಮಗುಚಿ ನೋಡಿ, ಎಷ್ಟೋ ಹಂಚಿಗೆ ಹಿಂದೆ ಒಂದು ಸಣ್ಣ ತೂತಿನ ಕಿವಿ ಇರುತ್ತೆ, ಅದಿರೋದೇ ತಂತಿ ಕಟ್ಟೋಕೆ. ತುಕ್ಕು ಹಿಡಿಯದ ತಂತಿ ತಗೊಳ್ಳಿ. ನೆತ್ತಿ ಹಂಚಿನ ಗಾರೆ ಬಿರುಕು ಬಿಟ್ಟಿದ್ರೆ ಅದನ್ನೂ ಇದೇ ಕೈಯಲ್ಲಿ ತೆಗೆದು ಹೊಸದಾಗಿ ಕೂರಿಸಿ.

ಕಡಲ್ಕರೆ_ಉಡುಪಿ:
ಇಂಜಿನಿಯರ್ ಹೇಳಿದ್ದು ಸತ್ಯ ಮಾರಾಯ್ರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಮನೆ ಹಂಚು ಹೋದದ್ದು ಸೂರಿನ ಸಾಲು ಮಾತ್ರ, ಅಣ್ಣನ ಮನೆಯ ಶೀಟಿನ ಮಾಡು ಪೈಪು ಸಮೇತ ಎದ್ದು ಬಾವಿಕಟ್ಟೆ ಮೇಲೆ ಬಿದ್ದಿತ್ತು.

ಹಂಚು ಬದಲಿಸುವಾಗ ಒಂದು ವಿಷಯ ಉಂಟು, ಎಲ್ಲಾ ಫ್ಯಾಕ್ಟರಿ ಹಂಚು ಒಂದಕ್ಕೊಂದು ಕೂರುವುದಿಲ್ಲ. ನೋಡ್ಲಿಕ್ಕೆ ಒಂದೇ ರೀತಿ, ತೋಡಿನ ಅಳತೆ ಬೇರೆ ಬೇರೆ. ಬೇರೆ ಫ್ಯಾಕ್ಟರಿಯದ್ದನ್ನು ನಡುವೆ ತುರುಕಿದರೆ ಆಚೀಚೆಯ ಎರಡು ಹಂಚನ್ನೂ ಅದು ಎತ್ತಿ ಹಿಡಿಯುತ್ತದೆ, ಮುಂದಿನ ಗಾಳಿಗೆ ಮೂರೂ ಹೋಯ್ತು. ಹಂಚಿನ ಮೇಲೆ ಫ್ಯಾಕ್ಟರಿ ಹೆಸರು ಅಚ್ಚು ಇರ್ತದೆ, ಅದನ್ನು ನೋಡಿ ಅದೇ ಹೆಸರಿನದ್ದು ಹುಡುಕಿ. ಅದರ ಮೇಲೆ 1865 ಅಂತ ಕಂಡರೆ ಹಂಚು ಅಷ್ಟು ಹಳೆಯದು ಅಂತ ತಿಳ್ಕೊಳ್ಳಬೇಡಿ, ಅದು ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಹಳೆ ಮನೆ ಕೆಡವಿದ ಕಡೆ ಹಳೆ ಹಂಚು ಸಿಗ್ತದೆ. ತರುವ ಮೊದಲು ಒಂದೊಂದನ್ನೂ ಬೆರಳ ಗೆಣ್ಣಿಂದ ಬಡಿದು ನೋಡಿ, ಒಳ್ಳೆಯದಾದ್ರೆ ಟಣ್ ಅಂತದೆ, ಕಣ್ಣಿಗೆ ಕಾಣದ ಬಿರುಕಿದ್ರೆ ಒಡಕು ಮಡಕೆ ಸದ್ದು. ಕೊಟ್ಟಿಗೆ ಹಿಂದೆ ಉಂಟಲ್ಲ, ಅದನ್ನೂ ಹೀಗೇ ನೋಡಿ.

ಇನ್ನೊಂದು, ಈಗ ಬರುವುದು ಗುಡುಗು ಮಳೆ, ಗಾಳಿ ಯಾವ ದಿಕ್ಕಿಂದ ಬೇಕಾದರೂ ಬಡಿಯಬಹುದು. ಜೂನ್ ಮಳೆ ಬರುವುದು ಪಡುವಣ ಕಡೆಯಿಂದ. ಈಗ ಒಡೆದ ಮೂಲೆ ಅಷ್ಟೇ ಸರಿ ಮಾಡಿ ಬಿಟ್ಟರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪಶ್ಚಿಮದ ಮಾಡು ಸೋರ್ತದೆ. ಪಶ್ಚಿಮದ ಇಳಿಜಾರು ಪೂರ್ತಿ ನೋಡಿಸಿ.

ಮುಧೋಳದಾಂವ:
ನಮ್ಮ ಕಡೆ ಎಲ್ಲಾ ಪತ್ರಾಸ್ (ತಗಡಿನ ಶೀಟ್) ಮನಿ ರೀ. ಗಾಳಿಗೆ ಹಾರಬಾರ್ದು ಅಂತ ಪತ್ರಾಸ್ ಮ್ಯಾಲೆ ಕಲ್ಲು ಏರ್ಸಿ ಇಡ್ತಾರ, ನಮ್ಮ ಅಪ್ಪಾನೂ ಇಟ್ಟಿದ್ರು. ಹೋದ ವರ್ಷ ಗಾಳಿಗೆ ಪತ್ರಾಸ್ ಎದ್ದು ಕಲ್ಲು ಒಳಗ ಬಿತ್ತು, ತಂಗಿ ಮಲಗೋ ಹೊರಸಿನ ಮ್ಯಾಲೆ. ಆಕಿ ಅವತ್ತು ಹೊರಗ ಇದ್ಲು, ಅಷ್ಟಕ್ಕ ಉಳಿದ್ಲು. ಯಾರೂ ಕಲ್ಲು ಇಡಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ನಾವು ಈಗ ಕೊಕ್ಕಿ ಬೋಲ್ಟ್ ಹಾಕ್ಸೀವಿ, ರಬ್ಬರ್ ವಾಷರ್ ಒಣಗಿ ಸೀಳಿದ್ರ ಅಲ್ಲಿಂದ ನೀರು ಬರ್ತೈತಿ, ಅದನ್ನ ವರ್ಷಾ ಮಳಿಗಾಲಕ್ಕ ಮೊದ್ಲು ನೋಡ್ಕೊಂತೀವಿ. ಸಿಮೆಂಟ್ ಶೀಟ್ ಇದ್ದೋರು ಅದರ ಮ್ಯಾಲೆ ನೇರ ಕಾಲಿಡಬ್ಯಾಡ್ರಿ, ಹಲಗಿ ಹಾಕಿ ನಡೀರಿ, ಹಳೇ ಶೀಟ್ ಹಪ್ಪಳದಂಗ ಮುರೀತೈತಿ.

ಶಿರಸಿ_ಮಳೆ:
ಏನೇ ಮುಟ್ಟೋ ಮೊದ್ಲು ಫೋಟೋ ತೆಗೆಸಿ. ಅಂಗಳದಲ್ಲಿ ಬಿದ್ದ ಹಂಚು ಗುಡಿಸೋ ಮೊದ್ಲು, ತಾಡಪಾಲು ಹೊದಿಸೋ ಮೊದ್ಲು. ಹೊರಗಿಂದ ನಾಲ್ಕೂ ಕಡೆ, ಒಳಗೆ ಒದ್ದೆಯಾದ ಗೋಡೆ, ಹಾಸಿಗೆ, ಅಕ್ಕಿ ಚೀಲ ಎಲ್ಲಾ. ಆಮೇಲೆ ಗ್ರಾಮ ಆಡಳಿತ ಅಧಿಕಾರಿಗೆ (ಮೊದ್ಲು ಗ್ರಾಮ ಲೆಕ್ಕಿಗ ಅಂತಿದ್ರು) ತಿಳಿಸಿ, ತಹಶೀಲ್ದಾರರಿಗೆ ಅರ್ಜಿ ಬರೆದು ಕೊಡಿ. ವಿಪತ್ತು ಪರಿಹಾರದ ಕೇಂದ್ರದ ನಿಯಮ 2022ರಲ್ಲಿ ಪರಿಷ್ಕರಣೆ ಆಗಿದ್ದರ ಪ್ರಕಾರ ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ಅಂತ ಇತ್ತು, ಈಗ ಎಷ್ಟು ಅಂತ ಅಲ್ಲೇ ಕೇಳ್ಕೊಳ್ಳಿ. ಮೊತ್ತ ಸಣ್ಣದು ನಿಜ, ಆದ್ರೂ ಪಂಚನಾಮೆ ಆಗಿ ದಾಖಲೆ ಕೈಲಿರ್ಲಿ.

ಮನೆಗೆ ಇನ್ಶೂರೆನ್ಸ್ ಇದ್ಯಾ? ಸಾಲ ತೆಗೆದಿದ್ರೆ ಬ್ಯಾಂಕಿನವರು ಮಾಡಿಸಿರ್ತಾರೆ, ಎಷ್ಟೋ ಜನಕ್ಕೆ ಅದು ಗೊತ್ತೇ ಇರಲ್ಲ. 2021ರ ಏಪ್ರಿಲ್‌ನಿಂದ ಬಂದಿರೋ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ನೆರೆ ಎಲ್ಲಾ ಸೇರಿದೆ. ಇದ್ರೆ ಇವತ್ತೇ ತಿಳಿಸಿ, ಸರ್ವೇಯರ್ ಬರೋ ತನಕ ಒಡೆದ ಹಂಚು ಒಂದು ಕಡೆ ರಾಶಿ ಹಾಕಿಟ್ಟಿರಿ, ಬಿಸಾಡ್ಬೇಡಿ. ನೀರು ಒಳಗೆ ಬರದಂಗೆ ತಾಡಪಾಲು ಹೊದಿಸ್ಕೊಳ್ಳೋಕೆ ಮಾತ್ರ ಯಾರನ್ನೂ ಕಾಯ್ಬೇಡಿ. ಹೊದಿಸುವಾಗ ಮೇಲಿನ ಅಂಚನ್ನ ನೆತ್ತಿ ದಾಟಿಸಿ ಆಚೆ ಕಡೆಗೆ ಇಳಿಸಿ ಹಗ್ಗ ಕಟ್ಟಿಸಿ, ತೂತು ಇರೋ ಜಾಗಕ್ಕಷ್ಟೇ ಮುಚ್ಚಿದ್ರೆ ಮೇಲಿಂದ ಹರಿಯೋ ನೀರು ತಾಡಪಾಲಿನ ಅಡಿಗೇ ನುಗ್ಗುತ್ತೆ.

ತುಂಗೆ_ದಡ:
ಊರಿಗೆ ಬಂದು ಮೂರು ದಿನ ಆಯ್ತು, ಎಲ್ಲರಿಗೂ ಹೇಳ್ಲೇಬೇಕು ಅಂತ ಬರೀತಿದ್ದೀನಿ. ಭಾನುವಾರ ಅಟ್ಟ ಹತ್ತಿ ಲೈಟ್ ಆಫ್ ಮಾಡಿ ಕೂತೆ, ಮೊದ್ಲು ಏನೂ ಕಾಣ್ಲಿಲ್ಲ, ಆಮೇಲೆ ಒಂದೊಂದೇ ಬೆಣೆ ಬೆಳಕು ಕಣ್ಣಿಗೆ ಬೀಳೋಕೆ ಶುರುವಾಯ್ತು ನೋಡಿ. ಸೀಮೆಸುಣ್ಣದ ಗುರುತು ಎಣಿಸಿದ್ರೆ ಅರವತ್ಮೂರು. ಹಾರಿದ್ದು ನಲ್ವತ್ತು, ಜಾರಿದ್ದು ಅರವತ್ಮೂರು! ನಡುಮನೇಲಿ ಅಮ್ಮ ಬೋಗುಣಿ ಇಟ್ಟಿದ್ದ ಜಾಗದ ನೇರ ಮೇಲೆ ಅಲ್ಲ, ಎರಡು ಮೊಳ ಮೇಲಕ್ಕೆ ಜಾರಿತ್ತು, ನೀರು ಪಕಾಸಿನ ಗುಂಟ ಇಳಿದು ಅಲ್ಲಿ ತೊಟ್ಟಿಕ್ತಿತ್ತು. ಹಿಂಬಾಗಿಲು ಕೇಳಿದೆ, ತೆಗೆದೇ ಇತ್ತಂತೆ, ಅಮ್ಮ ಒಣಹಾಕಿದ್ದ ಹಪ್ಪಳ ಒಳಗೆ ತರ್ತಿದ್ರಂತೆ.

ಗೋಡೆ ಮೇಲಿನ ತುದಿ ನೋಡಿ ಅಂದಿದ್ರಲ್ಲ, ಎರಡು ಪಕಾಸಿನ ತುದಿ ಗೆದ್ದಲು ತಿಂದು ಟೊಳ್ಳಾಗಿದೆ. ಚಾಕು ಹಿಡಿ ತನಕ ಹೋಯ್ತು. ಅಪ್ಪನ್ನ ಅಟ್ಟಕ್ಕೆ ಕರೆದು ತೋರಿಸ್ದೆ, ಇದೇ ಪಕಾಸಿಗೆ ಶೀಟ್ ಹೊಡೆಯೋಕೆ ಹೊರಟಿದ್ರಾ ಅವ್ರು ಅಂತ ತುಂಬಾ ಹೊತ್ತು ಸುಮ್ನೆ ನಿಂತಿದ್ರು. ಕಂಟ್ರಾಕ್ಟರ್‌ಗೆ ಗೋಡೆಗೆ ಬೋಲ್ಟ್ ಹಾಕೋದು ಕೊಟೇಶನ್‌ನಲ್ಲಿ ಇದ್ಯಾ ಅಂತ ಕೇಳಿದ್ದಕ್ಕೆ ಅದೆಲ್ಲಾ ಬೇಕಾಗಲ್ಲ ಅಂದ, ಬೇಡ ಅಂತ ಕಳಿಸಿದ್ವಿ.

ಊರಿನ ಹಳೇ ಆಚಾರ್ರು ನಾಳೆ ಬರ್ತಾರೆ, ಎರಡು ಪಕಾಸು ಬದಲಾಯಿಸಿ ಪಶ್ಚಿಮದ ಇಳಿಜಾರು ಪೂರ್ತಿ ಹಂಚು ಕೈಯಾಡಿಸೋಕೆ ಒಪ್ಪಿದ್ದಾರೆ. ಕೊಟ್ಟಿಗೆ ಹಿಂದಿನ ಹಂಚು ಬಡಿದು ನೋಡಿದ್ರೆ ನೂರಾ ಇಪ್ಪತ್ತರಲ್ಲಿ ಎಂಬತ್ತೆಂಟು ಟಣ್ ಅಂದ್ವು, ಹೆಸರೂ ಮಾಡಿನ ಹಂಚಿಂದೇ. ಒಂದೇ ಪ್ರಶ್ನೆ ಉಳಿದಿದೆ, ಕಿವಿ ಇಲ್ಲದ ಹಂಚನ್ನ ಸೂರಿನ ಸಾಲಲ್ಲಿ ಕಟ್ಟೋದು ಹೇಗೆ, ಡ್ರಿಲ್ ಮಾಡ್ಬಹುದಾ?

ಸೈಟ್_ಇಂಜಿನಿಯರ್_ಎಸ್‌ಎಂಜಿ:
ಡ್ರಿಲ್ ಬೇಡ, ಹಳೇ ಹಂಚು ಬಿರುಕು ಬಿಡೋ ಸಾಧ್ಯತೆ ಜಾಸ್ತಿ. ಕಿವಿ ಇರೋದನ್ನೆಲ್ಲಾ ಆರಿಸಿ ಸೂರಿಗೂ ಅಂಚಿಗೂ ಹಾಕ್ಸಿ, ಇಲ್ಲದ್ದನ್ನ ಮಾಡಿನ ಮಧ್ಯಕ್ಕೆ ಕಳಿಸಿ, ಅಲ್ಲಿ ಎಳೆತ ಕಮ್ಮಿ. ಆಚಾರ್ರು ಮೇಲೆ ಹತ್ತೋ ಮೊದ್ಲೇ ಅಂಗಳದಲ್ಲಿ ಎರಡು ರಾಶಿ ಮಾಡಿಟ್ಟಿರಿ.

ತುಂಗೆ_ದಡ:
ಸರಿ ಸಾರ್, ಅಪ್ಪ ಆಗ್ಲೇ ಹಂಚು ಮಗುಚಿ ಮಗುಚಿ ನೋಡ್ತಾ ಕೂತಿದ್ದಾರೆ. ಅಂಗಳದಲ್ಲೇ, ಮಾಡಿನ ಮೇಲಲ್ಲ.