ಎದುರಿಗೆ ತಾಯಿ ಅಳುತ್ತಿದ್ದರು, ನನ್ನ ಕಣ್ಣು ಮುಂದಿನ ಫೈಲಿನ ಮೇಲಿತ್ತು

ಪ್ರಶ್ನೆ: ಮೇಡಂ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ವರ್ಷಗಳಿಂದ ಕ್ಯಾನ್ಸರ್ ವೈದ್ಯನಾಗಿದ್ದೇನೆ. ಹೊರರೋಗಿ ವಿಭಾಗದಲ್ಲಿ ದಿನಕ್ಕೆ ಅರವತ್ತು, ಎಪ್ಪತ್ತು ಜನ. ರಾಯಚೂರು, ಕಲಬುರಗಿಯಿಂದ ರಾತ್ರಿ ಬಸ್ಸು ಹಿಡಿದು ಬಂದವರಿಗೆ ‘ಕಾಯಿಲೆ ಹರಡಿದೆ’ ಎಂದು ತಿಳಿಸಲು ಸಿಗುವುದು ಐದು ನಿಮಿಷ. ಕಳೆದ ವಾರ ಮಗನ ವರದಿ ಕೇಳಿ ಒಬ್ಬ ತಾಯಿ ಅಳುತ್ತಿದ್ದಾಗ ನಾನು ಮುಂದಿನ ಫೈಲು ನೋಡುತ್ತಿದ್ದೆ. ಅದು ಅರಿವಾದ ರಾತ್ರಿಯಿಂದ ನಿದ್ದೆ ಸರಿಯಾಗಿಲ್ಲ. ಆದರೂ ಈ ಕೆಲಸ ನನಗೆ ಇಷ್ಟ. ಇದು ಖಿನ್ನತೆಯೇ? ಕೆಲಸ ಬಿಡಬೇಕೇ?

ಉತ್ತರ (ಮನೋವೈದ್ಯೆ): ಡಾಕ್ಟರೇ, ಆ ತಾಯಿಯನ್ನು ನೆನೆದು ನಿದ್ದೆಗೆಟ್ಟಿದ್ದೀರಿ. ನಿಮ್ಮ ಮನಸ್ಸು ಕಲ್ಲಾಗಿಲ್ಲ, ಬತ್ತುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಬಳಲಿಕೆಯನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದೇ ವಿವರಿಸಿತು: ಶಕ್ತಿ ಸೋರುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದರಿಂದ ಪ್ರಯೋಜನವಿಲ್ಲ ಎನಿಸುವುದು. ಬೇರು ಕೆಲಸದ ಜಾಗದಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸಿ.

ಕೆಲಸದ ಪ್ರೀತಿಯೂ ಬಳಲಿಕೆಯೂ ಒಬ್ಬರಲ್ಲೇ ಇರಬಹುದು. ಪ್ರೀತಿ ಇರುವವರೇ ಊಟ ಬಿಟ್ಟು ಇನ್ನೊಬ್ಬ ರೋಗಿಯನ್ನು ನೋಡುತ್ತಾರೆ, ರಜೆಯಲ್ಲೂ ವಾರ್ಡಿಗೆ ಫೋನ್ ಮಾಡುತ್ತಾರೆ. ಹೊರಗಿನವರಿಗೆ ಉತ್ಸಾಹವಷ್ಟೇ ಕಾಣುವುದರಿಂದ ಇನ್ನೂ ಹತ್ತು ಫೈಲು ಬಂದು ಬೀಳುತ್ತವೆ. ನನ್ನ ಬಳಿ ಬರುವ ವೈದ್ಯರಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಖಿನ್ನತೆ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಮಗುವಿನ ಮಾತು, ಇಷ್ಟದ ಹಾಡು, ಊಟ ಯಾವುದೂ ಬೇಡವೆನಿಸಿ ಎರಡು ವಾರ ಕಳೆದರೆ ಮನೋವೈದ್ಯರನ್ನು ಮುಖತಃ ಕಾಣಿರಿ. ಸಾಯುವ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡುತ್ತಾರೆ. ರಾಜೀನಾಮೆಯ ತೀರ್ಮಾನವನ್ನು ನಿದ್ದೆಗೆಟ್ಟ ವಾರದಲ್ಲಿ ಮಾಡಬೇಡಿ.

ಪ್ರಶ್ನೆ: ಮುಖ್ಯಸ್ಥರ ಬಳಿ ಏನೆಂದು ಕೇಳಲಿ? ಕಳೆದ ತಿಂಗಳು ಒತ್ತಡ ನಿವಾರಣೆಗೆಂದು ಭಾನುವಾರ ಯೋಗ ಶಿಬಿರ ಏರ್ಪಡಿಸಿದ್ದರು.

ಉತ್ತರ: ಯೋಗ ಒಳ್ಳೆಯದೇ. ಆದರೆ ಇರುವ ಒಂದು ರಜೆಯನ್ನು ಕಿತ್ತುಕೊಂಡು ಕಲಿಸುವುದು ತಪ್ಪು. ‘ನನಗೆ ಸುಸ್ತು’ ಎನ್ನುವ ಬದಲು ಸಮಯ ಕೇಳಿ. ಹೊಸ ರೋಗಿಗಳಿಗೂ ಮರುತಪಾಸಣೆಯವರಿಗೂ ಬೇರೆ ದಿನ ಇರಲಿ. ಕೆಟ್ಟ ಸುದ್ದಿ ತಿಳಿಸಬೇಕಾದ ಕುಟುಂಬಕ್ಕೆ ಬಾಗಿಲು ಮುಚ್ಚುವ ಒಂದು ಕೋಣೆ, ಇಪ್ಪತ್ತು ನಿಮಿಷ, ಜೊತೆಗೊಬ್ಬ ನರ್ಸ್ ಅಥವಾ ಆಪ್ತಸಮಾಲೋಚಕರು ಬೇಕು. ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ತಂಡವನ್ನು ಕೊನೆಯ ವಾರಕ್ಕೆ ಕಾಯದೆ ಮೊದಲೇ ಸೇರಿಸಿಕೊಂಡರೆ ರೋಗಿಯ ನೋವೂ ಇಳಿಯುತ್ತದೆ, ನಿಮ್ಮ ಹೊರೆಯೂ ಹಂಚಿಹೋಗುತ್ತದೆ. ಒಬ್ಬರೇ ಹೋಗಬೇಡಿ, ಸಹೋದ್ಯೋಗಿಗಳ ಜೊತೆ ಬರಹದಲ್ಲಿ ಕೊಡಿ.

ಪ್ರಶ್ನೆ (ಇನ್ನೊಬ್ಬರಿಂದ): ನಾನು ಆಸ್ಪತ್ರೆಯಲ್ಲಿ ದುಡಿಯುತ್ತಲೇ ತಜ್ಞ ತರಬೇತಿ ಪಡೆಯುತ್ತಿರುವ ರೆಸಿಡೆಂಟ್ ವೈದ್ಯೆ. ಮೂವತ್ತು ಗಂಟೆ ಸತತ ಡ್ಯೂಟಿ ಮಾಡಿ ಕೀಮೋ ಪ್ರಮಾಣ ಬರೆಯಲು ಕೈ ನಡುಗುತ್ತದೆ. ನಮಗೆ ನಿಯಮವೇ ಇಲ್ಲವೇ?

ಉತ್ತರ: ಇದೆ, ತಂಗಿ. ವಾರಕ್ಕೆ 48 ಗಂಟೆ, ಒಮ್ಮೆಗೆ ಸಾಮಾನ್ಯವಾಗಿ 12 ಗಂಟೆ ಮೀರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ನಿರ್ದೇಶಿಸಿತ್ತು. ಪಾಲನೆಯಾಗಿಲ್ಲ ಎಂಬ ಸಿಟ್ಟು ನನಗೂ ಇದೆ. ಇವತ್ತಿನ ಮಟ್ಟಿಗೆ, ಕೈ ನಡುಗುವಾಗ ನೀವು ಬರೆದ ಪ್ರಮಾಣವನ್ನು ಇನ್ನೊಬ್ಬರು ಲೆಕ್ಕ ಹಾಕಿ ನೋಡದೆ ಔಷಧಿ ಹನಿಯಲು ಬಿಡಬೇಡಿ. ನಿಮ್ಮ ಡ್ಯೂಟಿಯ ಗಂಟೆಗಳನ್ನು ದಿನಾಂಕ ಸಮೇತ ಬರೆದಿಡಿ, ನಾಳೆ ಕೇಳಲು ಹೋದಾಗ ಆ ಪುಸ್ತಕ ಕೈಯಲ್ಲಿರಲಿ.