ಅರ್ಧ ಟಿಕೆಟ್ಟಿನ ಸುಳ್ಳು: ಓದುಗರ ಸ್ಪಂದನ

(ಕಳೆದ ವಾರದ ಸಮಸ್ಯೆ: ದಾವಣಗೆರೆಯಿಂದ ಚಿತ್ರದುರ್ಗದ ತವರಿಗೆ ಹೊರಟಾಗ, ಏಳು ವರ್ಷದ ಮಗನಿಗೆ ‘ಕಂಡಕ್ಟರ್ ಕೇಳಿದರೆ ಐದು ಅನ್ನು’ ಎಂದು ಹೇಳಿಕೊಟ್ಟಿದ್ದೆ. ಅವನು ಎಲ್ಲರೆದುರು ‘ನನಗೆ ಏಳು, ಐದು ಅನ್ನಬೇಕಂತೆ’ ಎಂದುಬಿಟ್ಟ. ಬಸ್ಸಿಗೆ ಬಸ್ಸೇ ನಕ್ಕಿತು. ಮನೆಗೆ ಬಂದು ಎರಡೇಟು ಹಾಕಿದೆ. ಈಗ ನನ್ನ ಜೊತೆ ಬಸ್ಸು ಹತ್ತಲು ಒಲ್ಲೆ ಎನ್ನುತ್ತಾನೆ.)

ತಂಗಿ, ಟಿಕೆಟ್ ಹರಿಯುತ್ತಲೇ ನಿವೃತ್ತನಾದವನು ನಾನು. ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದ ಎಷ್ಟೋ ‘ಐದು ವರ್ಷದ’ ಮಕ್ಕಳನ್ನು ನೋಡಿದ್ದೇನೆ. ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್ ಎಂಬುದು ತಾಯಂದಿರಿಗೆ ಗೊತ್ತಿಲ್ಲದ್ದೇನಲ್ಲ. ಹಲವು ಸಲ ಸುಮ್ಮನಾಗಿದ್ದೇನೆ, ನನಗೂ ಮಕ್ಕಳಿದ್ದರು. ಒಮ್ಮೆ ಭರಮಸಾಗರದ ಬಳಿ ತನಿಖೆಯವರು ಹತ್ತಿದರು. ಆ ತಾಯಿ ‘ಕಂಡಕ್ಟರ್ ಕೇಳಲೇ ಇಲ್ಲ’ ಎಂದರು. ಮೆಮೊ ಬಂದದ್ದು ನನಗೆ, ಡಿಪೊಗೆ ಅಲೆದದ್ದು ನಾನು. ಸರ್ಕಾರದ ದುಡ್ಡು ತಾನೇ ಎಂದುಕೊಳ್ಳುತ್ತೀರಿ. ಅದಕ್ಕೆ ಲೆಕ್ಕ ಕೊಡಬೇಕಾದವನು ನಿಮ್ಮೆದುರಿಗೇ ನಿಂತಿರುತ್ತಾನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ನಿಮ್ಮದು ಶೂನ್ಯ ಟಿಕೆಟ್. ಉಳಿದದ್ದು ಆ ಹುಡುಗನ ಅರ್ಧ ಟಿಕೆಟ್ ಒಂದೇ, ಅದನ್ನೂ ಬಿಡಲಿಲ್ಲವಲ್ಲ! ನಿಮ್ಮ ಮಗ ಅಂದು ಒಬ್ಬ ಕಂಡಕ್ಟರನ ಮೆಮೊ ತಪ್ಪಿಸಿದ. ನನ್ನ ಲೆಕ್ಕದಲ್ಲಿ ಅವನಿಗೊಂದು ಬೆಣ್ಣೆ ದೋಸೆ ಕೊಡಿಸಿ.
– ನಿವೃತ್ತ ನಿರ್ವಾಹಕ, ಚಿತ್ರದುರ್ಗ

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ನನಗೆ ಮೂವರು ಗಂಡುಮಕ್ಕಳು. ಮೂರು ಅರ್ಧ ಸೇರಿದರೆ ಒಂದೂವರೆ ಟಿಕೆಟ್. ನಾನೂ ವಯಸ್ಸು ಇಳಿಸಿ ಹೇಳಿಸಿದ್ದೇನೆ, ಮುಚ್ಚಿಡುವುದಿಲ್ಲ. ಆದರೆ ಸಿಕ್ಕಿಬಿದ್ದಾಗ ಮಕ್ಕಳ ಮೇಲೆ ಕೈ ಮಾಡಿಲ್ಲ. ಸುಳ್ಳು ನಿಮ್ಮದು, ಏಟು ಅವನಿಗೇಕೆ?
– ಒಬ್ಬ ತಾಯಿ, ದಾವಣಗೆರೆ

ಅಕ್ಕಾ, ‘ನನ್ನದೇ ತಪ್ಪು’ ಎಂದು ಮಗನಿಗೆ ಒಮ್ಮೆ ಹೇಳಿ, ಅಲ್ಲಿಗೆ ಬಿಡಿ. ಜೊತೆಗೆ ಪಾಠ ಸೇರಿಸಬೇಡಿ. ಮೇಷ್ಟ್ರಾಗಿ ಹೇಳುತ್ತಿದ್ದೇನೆ, ಪಾಠ ಶುರುವಾದ ಕೂಡಲೇ ಮಕ್ಕಳ ಕಿವಿ ಮುಚ್ಚುತ್ತದೆ. ಮುಂದಿನ ಸಲ ಚಿಲ್ಲರೆಯನ್ನು ಅವನ ಕೈಗೇ ಕೊಡಿ. ‘ಒಂದು ಅರ್ಧ, ಚಿತ್ರದುರ್ಗ’ ಎಂದು ಅವನೇ ಕೇಳಿ ಟಿಕೆಟ್ ಪಡೆಯಲಿ, ಜೇಬಿನಲ್ಲಿಟ್ಟುಕೊಳ್ಳಲಿ. ಬಸ್ಸು ಹತ್ತಲು ಅಷ್ಟು ಸಾಕಾಗಬಹುದು.

ಇಷ್ಟು ಬರೆಯುವ ನನ್ನ ಮನೆಯ ಕಥೆಯನ್ನೂ ಕೇಳಿ. ಚೀಟಿ ಹಣದವರ ಕರೆ ಬಂದರೆ ಮೊಬೈಲನ್ನು ಮಗಳ ಕೈಗೆ ಕೊಟ್ಟು ‘ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಅನ್ನು’ ಎನ್ನುತ್ತಿದ್ದೆ. ಮೊನ್ನೆ ಮೊಬೈಲ್ ಬಡಿದುಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: ‘ಅಪ್ಪಾ, ಇವತ್ತೂ ಸ್ನಾನವೇನಾ?’
– ಶಿಕ್ಷಕ, ಹೊಳಲ್ಕೆರೆ